ರಾಗಿ ಬಣ್ಣದ ಶಲ್ಯ: ಹಂಬನ್‌ತೋಟದ ಸಾಲದ ಕತೆ

ನನ್ನ ಸೋದರಮಾವ ಮಂಗಳೂರಿನ ಕ್ಲಿಯರಿಂಗ್ ಏಜೆಂಟರೊಬ್ಬರ ಕಚೇರಿಯಲ್ಲಿ ಬಹಳ ವರ್ಷ ಗುಮಾಸ್ತರಾಗಿದ್ದವರು. ಪಣಂಬೂರಿನ ಬಂದರಿಗೂ ಕಸ್ಟಮ್ಸ್ ಕಚೇರಿಗೂ ನಡುವೆ ಸ್ಕೂಟರಿನಲ್ಲಿ ಓಡಾಡಿಯೇ ಅವರ ಆಯುಷ್ಯ ಸವೆಯಿತು. ನಾನು ಕಾಲೇಜಿನಲ್ಲಿದ್ದಾಗ ಅವರ ಬಾಯಲ್ಲಿ ಮಂಗಳೂರಿಗಿಂತ ಹೆಚ್ಚು ಬರುತ್ತಿದ್ದ ಊರಿನ ಹೆಸರು ಕೊಲಂಬೊ. ನಮ್ಮ ಕಾಫಿ, ಗೇರುತಿರುಳು ಸಣ್ಣ ಹಡಗಿನಲ್ಲಿ ಕೊಲಂಬೊಗೆ ಹೋಗಿ, ಅಲ್ಲಿ ದೊಡ್ಡ ಹಡಗು ಹತ್ತಿ ಯುರೋಪಿಗೆ ಹೊರಡುತ್ತಿತ್ತು. ಆಫ್ರಿಕಾದ ಕಚ್ಚಾ ಗೇರುಬೀಜ ಬರುವಾಗಲೂ ಅದೇ ದಾರಿ. ಕೊಲಂಬೊದಲ್ಲಿ ಕಂಟೇನರು ಎರಡು ದಿನ ಸಿಕ್ಕಿಬಿದ್ದರೆ ನಮ್ಮ ಮನೆಯಲ್ಲಿ ಊಟದ ಹೊತ್ತು ತಪ್ಪುತ್ತಿತ್ತು.

ಶ್ರೀಲಂಕಾದ ದಕ್ಷಿಣ ತುದಿಯಲ್ಲಿ ಚೀನಾದ ಸಾಲದಿಂದ ದೊಡ್ಡ ಬಂದರೊಂದು ಎದ್ದಿದೆ ಎಂದು ಪತ್ರಿಕೆಯಲ್ಲಿ ಓದಿದ ದಿನ ನಾನು ಉತ್ಸಾಹದಿಂದ ಕೇಳಿದ್ದೆ: "ಮಾವ, ಇನ್ನು ನಿಮ್ಮ ಕಂಟೇನರುಗಳು ಹಂಬನ್‌ತೋಟಕ್ಕೆ ಹೋಗುವುದಾ?" ಅವರು ನಕ್ಕರು. "ಎಂತ ಮಾರಾಯ, ಅರಸೀಕೆರೆಯಲ್ಲಿ ಇಳಿದು ರೈಲು ಬದಲಿಸುವವನಿಗೆ ಪಕ್ಕದ ಹಳ್ಳಿಯಲ್ಲಿ ಚಂದದ ಸ್ಟೇಷನ್ ಕಟ್ಟಿದ್ದೇವೆ ಅಂದರೆ ಅವ ಅಲ್ಲಿ ಇಳಿಯುತ್ತಾನಾ? ಅವನ ಮುಂದಿನ ರೈಲು ಅಲ್ಲಿ ನಿಲ್ಲಬೇಕಲ್ಲ?"

ಆಮೇಲೆ ಹಂಬನ್‌ತೋಟದ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಲ್ಲಿ ಈ ಒಂದು ಮಾತಿನಷ್ಟು ಅರ್ಥಶಾಸ್ತ್ರ ನನಗೆ ಸಿಗಲಿಲ್ಲ. ಸಿಕ್ಕಿದ್ದು ಬಹುಪಾಲು ಒಂದೇ ಕತೆ. ಚೀನಾ ಬಡದೇಶಕ್ಕೆ ತೀರಿಸಲಾಗದ ಸಾಲ ಕೊಟ್ಟು, ತೀರಿಸದೇ ಹೋದಾಗ ಬಂದರನ್ನು ಕಿತ್ತುಕೊಂಡಿತು ಎನ್ನುವುದು. ಭಾರತದ ವಿಶ್ಲೇಷಕ ಬ್ರಹ್ಮ ಚೆಲ್ಲಾನಿ 2017ರ ಆರಂಭದಲ್ಲಿ ಇದನ್ನು 'ಸಾಲದ ಬಲೆಯ ರಾಜತಂತ್ರ' ಎಂದು ಕರೆದರು. ಆ ಹೆಸರು ಜಗತ್ತಿನ ಬಾಯಿಗೆ ಹತ್ತಿತು. ಹೆಸರು ಚೆನ್ನಾಗಿದೆ. ಆದರೆ ಲೆಕ್ಕಪುಸ್ತಕ ಬಿಡಿಸಿ ನೋಡಿದರೆ ಕತೆ ಬೇರೆ ರೀತಿ ಇದೆ, ನನ್ನ ಪ್ರಕಾರ ಇನ್ನೂ ಹೆಚ್ಚು ಕಳವಳ ಹುಟ್ಟಿಸುವಂತಿದೆ. ಅದನ್ನು ಹೇಳಲು ಚೀನಾದಿಂದ ಶುರುಮಾಡುವುದಕ್ಕಿಂತ, ಅದೇ ಹಂಬನ್‌ತೋಟದಲ್ಲಿ ನೂರು ವರ್ಷ ಹಿಂದೆ ಇದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಶುರುಮಾಡುವುದು ಒಳ್ಳೆಯದು.

1908ರಲ್ಲಿ ಹಂಬನ್‌ತೋಟಕ್ಕೆ ಅಸಿಸ್ಟೆಂಟ್ ಗವರ್ನಮೆಂಟ್ ಏಜೆಂಟ್ ಆಗಿ ಬಂದವನು ಲಿಯೊನಾರ್ಡ್ ವೂಲ್ಫ್. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವನು ವರ್ಜೀನಿಯಾ ವೂಲ್ಫಳ ಗಂಡ, ಹೋಗಾರ್ತ್ ಪ್ರೆಸ್ಸಿನ ಪ್ರಕಾಶಕ. ಆದರೆ ಅದಕ್ಕೆ ಮೊದಲು ಅವನು ಸಿಲೋನಿನಲ್ಲಿ ಸುಮಾರು ಏಳು ವರ್ಷ ಸರ್ಕಾರಿ ನೌಕರ. ಹಂಬನ್‌ತೋಟದಲ್ಲಿ ಸುಮಾರು ಮೂರು ವರ್ಷ ಅವನು ನಮ್ಮ ಕಡೆಯ ಅಸಿಸ್ಟೆಂಟ್ ಕಮಿಷನರನ ಹಾಗೆ ಎಲ್ಲವೂ ಆಗಿದ್ದ: ನ್ಯಾಯಾಧೀಶ, ಕಂದಾಯ ಅಧಿಕಾರಿ, ಉಪ್ಪಿನ ಸರ್ಕಾರಿ ಏಕಸ್ವಾಮ್ಯದ ಮೇಲ್ವಿಚಾರಕ, ಜಾನುವಾರುಗಳಿಗೆ ದೊಡ್ಡರೋಗ ಬಂದಾಗ ಅದನ್ನು ತಡೆಯಬೇಕಾದವನು. ದ್ವೀಪದ ಒಣ ಭಾಗ ಅದು. ಕರಾವಳಿಯ ಲಗೂನುಗಳಲ್ಲಿ ಬಿಸಿಲಿಗೆ ಉಪ್ಪು ತಾನಾಗಿ ಕಟ್ಟುತ್ತದೆ. ಒಳಗೆ ಹೋದರೆ ಮುಳ್ಳು ಕಾಡು, ಬತ್ತಿದ ಕೆರೆ, ಅಲ್ಲೊಂದು ಇಲ್ಲೊಂದು ಹಳ್ಳಿ.

ಅವನು ಕೆಲಸ ಬಿಟ್ಟು ಹೋಗಿ 1913ರಲ್ಲಿ ಪ್ರಕಟಿಸಿದ ಕಾದಂಬರಿ 'ದಿ ವಿಲೇಜ್ ಇನ್ ದಿ ಜಂಗಲ್' ಇಂಥದೇ ಒಂದು ಹಳ್ಳಿಯ ಕತೆ. ಹಳ್ಳಿಯ ಹೆಸರು ಬೆದ್ದಗಮ. ವಸಾಹತಿನ ಬಗ್ಗೆ ಇಂಗ್ಲಿಷರು ಬರೆದ ಕಾದಂಬರಿಗಳಲ್ಲಿ ಮಧ್ಯದಲ್ಲಿ ಒಬ್ಬ ಬಿಳಿಯ ಇದ್ದೇ ಇರುತ್ತಾನೆ. ಇಲ್ಲಿ ಬೇಟೆಗಾರ ಸಿಲಿಂದು, ಅವನ ಅವಳಿ ಹೆಣ್ಣುಮಕ್ಕಳು, ಹಳ್ಳಿಯ ಮುಖಂಡ, ಪೇಟೆಯ ಬಡ್ಡಿ ವ್ಯಾಪಾರಿ ಮಧ್ಯದಲ್ಲಿದ್ದಾರೆ. ಬಿಳಿಯ ನ್ಯಾಯಾಧೀಶ ಅಂಚಿನಲ್ಲಿ ಬಂದು ಹೋಗುತ್ತಾನೆ, ಅವನಿಗೆ ನಡೆದದ್ದರಲ್ಲಿ ಅರ್ಧ ಮಾತ್ರ ತಿಳಿಯುತ್ತದೆ.

ನನಗೆ ಈ ಕಾದಂಬರಿ ಮೊದಲ ಓದಿಗೆ ಕಾಡಿನ ಕತೆಯಾಗಿ ಹಿಡಿಸಿತ್ತು. ಎರಡನೆಯ ಓದಿಗೆ ಅದು ಸಾಲದ ಕತೆಯಾಗಿ ಕಂಡಿತು. ಆ ಹಳ್ಳಿಯವರು ಬದುಕುವುದು 'ಚೇನಾ' ಬೇಸಾಯದಿಂದ. ನಮ್ಮ ಪಶ್ಚಿಮ ಘಟ್ಟದ ಕುಮರಿಯೇ ಅದು. ಕಾಡು ಕಡಿದು ಸುಟ್ಟು ಬೂದಿಯಲ್ಲಿ ಬಿತ್ತುತ್ತಾರೆ. ಬಿತ್ತುವುದು ಕುರಕ್ಕನ್, ಅಂದರೆ ನಮ್ಮ ರಾಗಿ. ಕೆನರಾದಲ್ಲಿ ಕುಮರಿಗೆ ಬ್ರಿಟಿಷರು ನಿರ್ಬಂಧ ಹಾಕಿದಂತೆ ಸಿಲೋನಿನಲ್ಲೂ ಕಾಡೆಲ್ಲ ರಾಣಿಯ ಸೊತ್ತಾಗಿ, ಚೇನಾ ಕಡಿಯಲು ಪರವಾನಗಿ ಬೇಕಾಯಿತು. ಆ ಪರವಾನಗಿ ಹಳ್ಳಿಯ ಮುಖಂಡನ ಮೂಲಕವೇ ಬರಬೇಕು. ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ರಾಗಿ ಮುಗಿದಿರುತ್ತದೆ, ಸಾಲ ಮಾಡಬೇಕು. ಸಾಲ ಕೊಡುವವನು ಪೇಟೆಯಲ್ಲಿದ್ದಾನೆ. ಕೊಯ್ಲಿನ ದಿನ ಅವನು ಕಣಕ್ಕೇ ಬರುತ್ತಾನೆ. ಸಾಲ ತೀರಿಸಿದ ಮೇಲೆ ಉಳಿಯುವುದು ಮುಂದಿನ ಸಾಲದವರೆಗೆ ಸಾಕಾಗುವಷ್ಟೂ ಇರುವುದಿಲ್ಲ. ವೂಲ್ಫ್ ಗಮನಿಸಿದ ಸೂಕ್ಷ್ಮ ಇದು: ಬಡ್ಡಿ ವ್ಯಾಪಾರಿ ಒಬ್ಬನೇ ಹಳ್ಳಿಯನ್ನು ಹಾಳುಮಾಡುವುದಿಲ್ಲ. ಮುಖಂಡನ ಮನೆಯಲ್ಲಿ ಚಾಪೆ ಹಾಕಿಸಿಕೊಂಡು ಕೂತಾಗಲಷ್ಟೇ ಅವನಿಗೆ ಹಳ್ಳಿಯ ಮೇಲೆ ಹಿಡಿತ ಬರುತ್ತದೆ. ಸಹಿ ಹಾಕುವ ಅಧಿಕಾರ ಮುಖಂಡನದು, ಸಾಲದ ಹೊರೆ ಮಾತ್ರ ಸಿಲಿಂದುವಿನದು.

ಈ ಊರಿಗೆ ಬಂದರು ಬೇಕು ಎನ್ನುವುದು ಚೀನಾ ಹುಟ್ಟಿಸಿದ ಆಸೆಯಲ್ಲ. ಸುಯೆಜ್‌ನಿಂದ ಮಲಕ್ಕಾಗೆ ಹೋಗುವ ಹಡಗುಗಳ ಹೆದ್ದಾರಿ ಹಂಬನ್‌ತೋಟದ ದಕ್ಷಿಣಕ್ಕೆ ಕೆಲವೇ ನಾಟಿಕಲ್ ಮೈಲಿಗಳಾಚೆ ಹಾದುಹೋಗುತ್ತದೆ. ಕಣ್ಣೆದುರು ಸಾವಿರಾರು ಹಡಗು ಹೋಗುವಾಗ ಒಂದಿಷ್ಟಾದರೂ ನಮ್ಮಲ್ಲಿ ನಿಲ್ಲಬಾರದೇ ಎಂದು ಬಡ ಜಿಲ್ಲೆಯವರಿಗೆ ಅನ್ನಿಸುವುದು ಸಹಜ. ಕೆನಡಾದ ಎಸ್‌ಎನ್‌ಸಿ ಲಾವಲಿನ್ 2003ರಲ್ಲಿ ಒಂದು ಕಾರ್ಯಸಾಧ್ಯತಾ ವರದಿ ಕೊಟ್ಟಿತು. 2004ರ ಡಿಸೆಂಬರಿನ ಸುನಾಮಿ ಹಂಬನ್‌ತೋಟ ಪಟ್ಟಣವನ್ನು ಕೊಚ್ಚಿಹಾಕಿತು. 2006ರಲ್ಲಿ ಡೆನ್ಮಾರ್ಕಿನ ರಾಂಬೋಲ್ ಇನ್ನೊಂದು ವರದಿ ಬರೆಯಿತು. ಅದರ ಸಲಹೆ ಎಚ್ಚರದ್ದು: ಮೊದಲು ಸಣ್ಣದಾಗಿ ವಾಹನ, ಎಣ್ಣೆ, ಬಿಡಿ ಸರಕಿನಿಂದ ಶುರುಮಾಡಿ, ಸಂಪಾದನೆ ಬಂದ ಮೇಲೆ ಕಂಟೇನರಿಗೆ ಕೈಹಾಕಿ.

ಅದೇ ಹೊತ್ತಿಗೆ, 2005ರ ಕೊನೆಯಲ್ಲಿ, ಹಂಬನ್‌ತೋಟ ಜಿಲ್ಲೆಯ ಮಹಿಂದ ರಾಜಪಕ್ಸ ಅಧ್ಯಕ್ಷರಾಗಿದ್ದರು. ಟಿವಿಯಲ್ಲಿ ಅವರನ್ನು ನೋಡಿದವರಿಗೆ ಕೊರಳಲ್ಲಿ ಇಳಿಬಿದ್ದಿರುತ್ತಿದ್ದ ಕಂದುಗೆಂಪು ಶಲ್ಯ ನೆನಪಿರಬಹುದು. ಆ ಬಣ್ಣ ರಾಗಿಯದು. 1936ರಲ್ಲಿ ಹಂಬನ್‌ತೋಟದಿಂದ ಸ್ಟೇಟ್ ಕೌನ್ಸಿಲಿಗೆ ಗೆದ್ದ ಅವರ ದೊಡ್ಡಪ್ಪ ಡಿ. ಎಂ. ರಾಜಪಕ್ಸ ತನ್ನ ಕಡೆಯ ರಾಗಿ ಬೆಳೆಗಾರರ ಗುರುತಾಗಿ ತೊಟ್ಟ ಶಲ್ಯ ಮನೆತನದ ಲಾಂಛನವಾಯಿತು. ಅದಕ್ಕೂ ಹಿಂದೆ ಅವರ ಅಜ್ಜ ಡಾನ್ ಡೇವಿಡ್ ರಾಜಪಕ್ಸ ಬ್ರಿಟಿಷ್ ಆಡಳಿತದಲ್ಲಿ ವಿದಾನೆ ಆರಚ್ಚಿ, ಅಂದರೆ ಊರ ಮುಖಂಡನ ದರ್ಜೆಯ ಹುದ್ದೆಯಲ್ಲಿದ್ದವರು. ವೂಲ್ಫನ ಕಾದಂಬರಿಯ ದುಷ್ಟ ಮುಖಂಡನಿಗೂ ಅವರಿಗೂ ಸಂಬಂಧ ಕಟ್ಟುವುದು ಅನ್ಯಾಯ, ನಾನು ಕಟ್ಟುವುದಿಲ್ಲ. ಆದರೆ ರಾಗಿಯ ಸಾಲದಲ್ಲಿ ಬೆಂದ ಜಿಲ್ಲೆಯೊಂದು ರಾಗಿಯ ಬಣ್ಣ ತೊಟ್ಟವರನ್ನು ತಲೆಮಾರುಗಳ ಕಾಲ ಏಕೆ ನಂಬಿತು ಎನ್ನುವುದು ಕಾದಂಬರಿ ಓದಿದವರಿಗೆ ಬೇಗ ಅರ್ಥವಾಗುತ್ತದೆ.

ಬಂದರಿನ ಹಣಕ್ಕೆ ಮೊದಲು ಭಾರತವನ್ನೇ ಕೇಳಿದ್ದೆವು ಎಂದು ಮಹಿಂದ ಹೇಳುತ್ತ ಬಂದಿದ್ದಾರೆ. ಕೊನೆಗೆ ಕೊಟ್ಟದ್ದು ಚೀನಾದ ಎಕ್ಸಿಮ್ ಬ್ಯಾಂಕ್. ಮೊದಲ ಹಂತದ ವೆಚ್ಚ 36.1 ಕೋಟಿ ಡಾಲರ್, ಅದರಲ್ಲಿ 85% ಈ ಸಾಲ, ಬಡ್ಡಿ 6.3%. ಒಪ್ಪಂದವಾದದ್ದು 2007ರಲ್ಲಿ, ಕೆಲಸ ಶುರುವಾದದ್ದು 2008ರ ಜನವರಿಯಲ್ಲಿ. ಷಿ ಜಿನ್‌ಪಿಂಗ್ ಕಜಾಕಿಸ್ತಾನದಲ್ಲೂ ಇಂಡೋನೇಷ್ಯಾದಲ್ಲೂ ನಿಂತು 'ಬೆಲ್ಟ್ ಅಂಡ್ ರೋಡ್' ಎಂದು ಮುಂದೆ ಹೆಸರಾದ ಯೋಜನೆಯನ್ನು ಸಾರಿದ್ದು 2013ರಲ್ಲಿ. ಅಂದರೆ ಆ ಯೋಜನೆಯ ಅತಿ ಪ್ರಸಿದ್ಧ ಉದಾಹರಣೆ ಯೋಜನೆ ಹುಟ್ಟುವ ಮುಂಚೆಯೇ ಕಟ್ಟಿ ಮುಗಿದಿತ್ತು. ಬೆಲ್ಟ್ ಅಂಡ್ ರೋಡ್ ಎನ್ನುವುದು ಬೀಜಿಂಗಿನ ನಕ್ಷೆಯ ಮೇಲೆ ಒಂದೇ ದಿನ ಎಳೆದ ಗೆರೆಯಲ್ಲ. ಚೀನಾದ ಬ್ಯಾಂಕುಗಳೂ ಗುತ್ತಿಗೆ ಕಂಪನಿಗಳೂ ಊರೂರಿಗೆ ಹೋಗಿ ಮಾಡುತ್ತಿದ್ದ ವ್ಯಾಪಾರಕ್ಕೆ ನಂತರ ಹೊದಿಸಿದ ದೊಡ್ಡ ಹೊದಿಕೆ. ಈಗ ಅದರಡಿ 150ಕ್ಕೂ ಹೆಚ್ಚು ದೇಶಗಳಿವೆ.

ಈ ಸಾಲದ ಹಣ ಹರಿಯುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬ್ಯಾಂಕು ಬೀಜಿಂಗಿನದು. ಬಂದರು ಕಟ್ಟಿದ ಚೈನಾ ಹಾರ್ಬರ್ ಎಂಜಿನಿಯರಿಂಗ್, ಸೈನೋಹೈಡ್ರೊ ಎರಡೂ ಚೀನಾದ ಸರ್ಕಾರಿ ಕಂಪನಿಗಳು. ಇಂಥ ಸಾಲದಲ್ಲಿ ಹಣ ಬಹುಮಟ್ಟಿಗೆ ಒಂದು ಚೀನೀ ಖಾತೆಯಿಂದ ಇನ್ನೊಂದು ಚೀನೀ ಖಾತೆಗೆ ಹೋಗುತ್ತದೆ, ಸಾಲಗಾರನ ದೇಶಕ್ಕೆ ಬರುವುದು ಯಂತ್ರ, ಎಂಜಿನಿಯರು, ಕಾಂಕ್ರೀಟು. ದಶಕಗಳ ರಫ್ತಿನಿಂದ ಚೀನಾದಲ್ಲಿ ಡಾಲರು ರಾಶಿಬಿದ್ದಿತ್ತು, ಉಕ್ಕು ಸಿಮೆಂಟು ಕಾರ್ಖಾನೆಗಳು ಬೇಕಾದ್ದಕ್ಕಿಂತ ಹೆಚ್ಚಿದ್ದವು, ಅವಕ್ಕೆ ಹೊರಗೆ ಕೆಲಸ ಬೇಕಿತ್ತು. ಸಾಲ ಕೊಟ್ಟವನಿಗೆ ಲಾಭ ಕಟ್ಟಡ ಏಳುವಾಗಲೇ ಬಂದುಬಿಡುತ್ತದೆ. ಸಾಲ ತೆಗೆದವನಿಗೆ ಬರಬೇಕಾದದ್ದು ಕಟ್ಟಡ ಎದ್ದು, ಹಡಗು ಬಂದು, ಬಾಡಿಗೆ ಡಾಲರಿನಲ್ಲಿ ಕೂಡಿದ ಮೇಲೆ. ಈ ನಡುವಿನ ವರ್ಷಗಳಲ್ಲಿ ಬಡ್ಡಿ ಓಡುತ್ತಲೇ ಇರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದ ರೈಲುಗಳಿಗೆ ಲಂಡನ್ನಿನ ಬಂಡವಾಳ ಬಂದದ್ದೂ ಹೆಚ್ಚು ಕಡಿಮೆ ಹೀಗೆಯೇ. ಹಳಿ, ಎಂಜಿನು ಇಂಗ್ಲೆಂಡಿನವು, ಹೂಡಿದವರಿಗೆ 5% ಖಾತರಿ, ರೈಲು ಓಡಲಿ ಬಿಡಲಿ ಕಂದಾಯ ಕಟ್ಟುವ ರೈತ ತುಂಬಿಕೊಡಬೇಕು.

2010ರ ನವೆಂಬರ್ 18ರಂದು ಬಂದರು ಉದ್ಘಾಟನೆಯಾಯಿತು. ಅದು ಅಧ್ಯಕ್ಷರ 65ನೇ ಹುಟ್ಟುಹಬ್ಬ. ಬಂದರಿಗೆ ಅವರದೇ ಹೆಸರು. 2012ರಲ್ಲಿ ಅಲ್ಲಿಗೆ ಬಂದ ಹಡಗುಗಳು 34. ಅದೇ ವರ್ಷ ಕೊಲಂಬೊಗೆ ಬಂದವು 3,667. ಸರ್ಕಾರ ಆಮದು ಕಾರುಗಳ ಹಡಗನ್ನು ಕೊಲಂಬೊ ಬಿಟ್ಟು ಹಂಬನ್‌ತೋಟಕ್ಕೇ ಹೋಗಬೇಕೆಂದು ಆಜ್ಞೆ ಮಾಡಿತು. ಕಾರು ಕೊಳ್ಳುವವರೆಲ್ಲ ಇದ್ದದ್ದು ಕೊಲಂಬೊ ಕಡೆ, ಹಾಗಾಗಿ ಕಾರುಗಳು ಇಳಿದು ಮತ್ತೆ ರಸ್ತೆಯಲ್ಲಿ ಅಲ್ಲಿಗೇ ಹೊರಟವು. ಮಾವನ ಅರಸೀಕೆರೆ ಲೆಕ್ಕ ನಿಜವಾಯಿತು. ಜಂಕ್ಷನ್ನಿನ ಬೆಲೆ ಅದರ ಕಟ್ಟಡದಲ್ಲಿಲ್ಲ, ಅಲ್ಲಿ ನಿಲ್ಲುವ ಬೇರೆ ರೈಲುಗಳಲ್ಲಿದೆ. ಕೊಲಂಬೊಗೆ ಮಂಗಳೂರು, ಕೊಚ್ಚಿ, ತೂತ್ತುಕುಡಿ, ಚಿತ್ತಗಾಂಗ್‌ನಿಂದ ಸಣ್ಣ ಹಡಗುಗಳು ಬರುತ್ತವೆ ಎಂದೇ ದೊಡ್ಡ ಹಡಗು ನಿಲ್ಲುತ್ತದೆ, ದೊಡ್ಡ ಹಡಗು ನಿಲ್ಲುತ್ತದೆ ಎಂದೇ ಸಣ್ಣವು ಬರುತ್ತವೆ.

ರಾಂಬೋಲಿನ ಎಚ್ಚರಿಕೆ ಗಾಳಿಗೆ ಹೋಯಿತು. ಮೊದಲ ಹಂತ ಸಂಪಾದಿಸುವ ಮೊದಲೇ 2012ರಲ್ಲಿ ಎರಡನೇ ಹಂತಕ್ಕೆ ಇನ್ನೂ ದೊಡ್ಡ ಸಾಲ, ಈ ಸಲ ಸುಮಾರು 75 ಕೋಟಿ ಡಾಲರ್, ಬಡ್ಡಿ ಮಾತ್ರ 2%. ಹತ್ತಿರದ ಮತ್ತಳದಲ್ಲಿ 2013ರಲ್ಲಿ ಇನ್ನೊಂದು ಎಕ್ಸಿಮ್ ಸಾಲದಿಂದ ವಿಮಾನ ನಿಲ್ದಾಣ ತೆರೆಯಿತು. ವಿಮಾನಗಳು ಬಾರದೆ ಅದರ ಸರಕು ಗೋದಾಮಿನಲ್ಲಿ ಭತ್ತದ ಮೂಟೆ ಇಡಲಾಯಿತು. ಕ್ರಿಕೆಟ್ ಕ್ರೀಡಾಂಗಣವಂತೂ 2011ರ ವಿಶ್ವಕಪ್ಪಿಗೇ ಆಗಿತ್ತು. ಒಂದು ಜಿಲ್ಲೆಗೆ ಇಷ್ಟೆಲ್ಲ ಏಕೆ ಎಂದು ಕೇಳಬೇಕಾದ ಜಾಗದಲ್ಲಿ ಸಾಲ ಕೊಡುವವನು ಕೇಳಲಿಲ್ಲ. ಚೀನಾದ ಬ್ಯಾಂಕಿನ ತಪ್ಪು ಎಂದು ನಾನು ಹೇಳುವುದಾದರೆ ಇದನ್ನು. ಮುಖಂಡನಿಗೆ ಬೇಕಾದ್ದನ್ನು ಅದು ಹಳ್ಳಿಗೆ ಬೇಕಾದ್ದು ಎಂದು ಒಪ್ಪಿಕೊಂಡಿತು, ಮುಕ್ತ ಟೆಂಡರು ಕೇಳಲಿಲ್ಲ, ಷರತ್ತುಗಳನ್ನು ಬಯಲಿಗಿಡಲಿಲ್ಲ.

ಹಾಗೆಂದು ಚೀನಾದ ಸಾಲವೆಲ್ಲ ಮಣ್ಣುಪಾಲು ಎಂದರೆ ಸುಳ್ಳಾಗುತ್ತದೆ. ಪುತ್ತಳಂ ಬಳಿಯ ನೊರೊಚ್ಚೋಲೈ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅದೇ ಎಕ್ಸಿಮ್ ಬ್ಯಾಂಕಿನ ಸಾಲದ್ದು, 900 ಮೆಗಾವಾಟ್, ಆಗಾಗ ಕೆಟ್ಟು ನಿಂತರೂ ದೇಶದ ವಿದ್ಯುತ್ತಿನ ದೊಡ್ಡ ಪಾಲು ಕೊಡುತ್ತದೆ. ಕೊಲಂಬೊ ಬಂದರಿನಲ್ಲೇ 2013ರಲ್ಲಿ ತೆರೆದ ಆಳ ನೀರಿನ ಟರ್ಮಿನಲ್‌ನಲ್ಲಿ ಚೈನಾ ಮರ್ಚಂಟ್ಸ್ ಎಂಬ ಕಂಪನಿಗೆ 85% ಪಾಲು. ಅಲ್ಲಿ ಚೀನಾ ಹಾಕಿದ್ದು ಸಾಲವಲ್ಲ, ಬಂಡವಾಳ. ನಷ್ಟವಾದರೆ ತನಗೇ ನಷ್ಟ. ಆ ಟರ್ಮಿನಲ್ ತುಂಬಿ ತುಳುಕಿತು. ಮಾವನ ಕಡೆಯ ವರ್ಷಗಳ ಕಂಟೇನರುಗಳಲ್ಲಿ ಕೆಲವಾದರೂ ಅಲ್ಲಿ ಹಡಗು ಬದಲಿಸಿರಬೇಕು. ಸ್ವಂತ ದುಡ್ಡು ಹಾಕುವಾಗ ಜಂಕ್ಷನ್ ಎಲ್ಲಿದೆ ಎಂದು ಚೀನಾಕ್ಕೂ ಚೆನ್ನಾಗಿ ಗೊತ್ತಿತ್ತು.

ಸಂಬಂಧವೂ ನಿನ್ನೆ ಮೊನ್ನೆಯದಲ್ಲ. 1952ರಲ್ಲಿ, ಎರಡೂ ದೇಶಗಳ ನಡುವೆ ರಾಯಭಾರ ಸಂಬಂಧ ಏರ್ಪಡುವ ಮುಂಚೆಯೇ, ಸಿಲೋನು ಚೀನಾದೊಂದಿಗೆ ರಬ್ಬರ್–ಅಕ್ಕಿ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 50,000 ಟನ್ ರಬ್ಬರಿಗೆ 2,70,000 ಟನ್ ಅಕ್ಕಿ. ಅಮೆರಿಕ ಸಿಟ್ಟಾಗಿ ನೆರವು ನಿಲ್ಲಿಸಿತು. ಚೀನಾ ಮಾರುಕಟ್ಟೆಗಿಂತ ಹೆಚ್ಚು ಬೆಲೆಗೆ ರಬ್ಬರ್ ಕೊಂಡಿತು. 1973ರಲ್ಲಿ ಕೊಲಂಬೊದ ಬಂಡಾರನಾಯಕೆ ಸ್ಮಾರಕ ಸಮ್ಮೇಳನ ಭವನವನ್ನು ಕಟ್ಟಿ ಸುಮ್ಮನೆ ಕೊಟ್ಟಿತು. ಆ ಭವನ ಈಗಲೂ ಚೆನ್ನಾಗಿದೆ. ಉಡುಗೊರೆಯಿಂದ ಸಾಲಕ್ಕೆ ಬರುವ ಹೊತ್ತಿಗೆ ಬದಲಾದದ್ದು ಚೀನಾ ಮಾತ್ರವಲ್ಲ. ಶ್ರೀಲಂಕಾದ ತಲಾ ಆದಾಯ ಏರಿ ಅದು 'ಮಧ್ಯಮ ಆದಾಯದ ದೇಶ'ದ ಪಟ್ಟಿಗೆ ಸೇರಿದ್ದರಿಂದ, ಜಪಾನು, ವಿಶ್ವಬ್ಯಾಂಕುಗಳಿಂದ ಸಿಗುತ್ತಿದ್ದ ಕಡಿಮೆ ಬಡ್ಡಿಯ ದೀರ್ಘ ಸಾಲ ಕುಗ್ಗತೊಡಗಿತು.

ಬಲೆಯ ಕತೆ ಹೇಳುವವರು ಬಿಟ್ಟುಬಿಡುವ ಪಾತ್ರ ಇಲ್ಲಿ ಬರುತ್ತದೆ. ಬಂದರಿನ ಸಾಲಕ್ಕೆ ಸಹಿ ಬಿದ್ದ 2007ರಲ್ಲೇ ಶ್ರೀಲಂಕಾ ಮೊದಲ ಬಾರಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ 50 ಕೋಟಿ ಡಾಲರಿನ ಬಾಂಡ್ ಮಾರಿತು. ಬಡ್ಡಿ 8.25%, ಅವಧಿ ಐದೇ ವರ್ಷ. ಚೀನಾದ ಸಾಲಕ್ಕಿಂತ ದುಬಾರಿ, ಅವಧಿಯೂ ಚಿಕ್ಕದು. ಅದಕ್ಕೆ ಕ್ರೇನು, ಕಾಂಕ್ರೀಟು, ಹುಟ್ಟುಹಬ್ಬದ ಉದ್ಘಾಟನೆ ಯಾವುದೂ ಇಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಕೊಂಡವರು ನ್ಯೂಯಾರ್ಕ್, ಲಂಡನ್ನಿನ ನಿಧಿಗಳು. ಆಮೇಲೆ ವರ್ಷ ಬಿಟ್ಟು ವರ್ಷ ಬಾಂಡುಗಳು ಹೊರಟವು. ಹಳೆಯದನ್ನು ತೀರಿಸಲು ಹೊಸದು. 2021ರ ಕೊನೆಯ ಹೊತ್ತಿಗೆ ದೇಶದ ಸಾರ್ವಜನಿಕ ವಿದೇಶಿ ಸಾಲದಲ್ಲಿ ಇಂಥ ಬಾಂಡುಗಳ ಪಾಲು ಮೂರನೇ ಒಂದಕ್ಕಿಂತ ಹೆಚ್ಚಾಗಿತ್ತು. ಚೀನಾದ ಪಾಲು 10% ಎಂದು ಸರ್ಕಾರಿ ಪಟ್ಟಿ ಹೇಳುತ್ತಿತ್ತು. ಸರ್ಕಾರಿ ಉದ್ಯಮಗಳ ಹೆಸರಿನಲ್ಲಿದ್ದ ಸಾಲವನ್ನೂ ಕೂಡಿಸಿ ಉಮೇಶ್ ಮೊರಮುದಲಿ, ತಿಲಿನ ಪಂಡುವಾವಲ ಎಂಬ ಲಂಕಾದ ಇಬ್ಬರು ಸಂಶೋಧಕರು ಲೆಕ್ಕ ಹಾಕಿದಾಗ ಅದು ಸುಮಾರು 20% ಎಂದಾಯಿತು. ಸಣ್ಣದಲ್ಲ, ಮುಚ್ಚಿಟ್ಟದ್ದೂ ಹೌದು. ಆದರೆ ದೇಶವನ್ನು ಮುಳುಗಿಸಿದ ಮುಖ್ಯ ಕಲ್ಲು ಅದಲ್ಲ.

2015ರಲ್ಲಿ ಮಹಿಂದ ಸೋತರು. ಹೊಸ ಸರ್ಕಾರದ ಎದುರು ಬಾಂಡುಗಳ ಕಂತಿನ ಸಾಲು ನಿಂತಿತ್ತು, ಡಾಲರು ಇರಲಿಲ್ಲ. 2017ರ ಜುಲೈನಲ್ಲಿ ಅದು ಬಂದರನ್ನು 99 ವರ್ಷಕ್ಕೆ ಚೈನಾ ಮರ್ಚಂಟ್ಸ್ ಪೋರ್ಟ್ ಕಂಪನಿಗೆ ವಹಿಸಿ 112 ಕೋಟಿ ಡಾಲರ್ ಪಡೆಯಿತು. ಇದನ್ನೇ 'ಸಾಲಕ್ಕೆ ಬಂದರು ಜಪ್ತಿ' ಎಂದು ಜಗತ್ತು ಓದಿತು. ಬೆಂಗಳೂರಿನ ಮಧ್ಯಮ ವರ್ಗಕ್ಕೆ ಇದು ಬೇಗ ತಿಳಿಯುತ್ತದೆ ಅಂದುಕೊಳ್ಳುತ್ತೇನೆ, ಏಕೆಂದರೆ ಇದು ಜಪ್ತಿಗಿಂತ ಭೋಗ್ಯಕ್ಕೆ ಹತ್ತಿರ. ಬ್ಯಾಂಕಿನ ಸಾಲದಿಂದ ಮನೆ ಕಟ್ಟಿದವನು ಮನೆಯನ್ನು ಭೋಗ್ಯಕ್ಕೆ ಕೊಟ್ಟು, ಬಂದ ಇಡುಗಂಟಿನಿಂದ ಮನೆಯ ಸಾಲ ತೀರಿಸದೆ, ಬಾಗಿಲಲ್ಲಿ ನಿಂತ ಬೇರೆ ಸಾಲಗಾರರನ್ನು ಸಮಾಧಾನ ಮಾಡಿದಂತೆ. ಎಕ್ಸಿಮ್ ಬ್ಯಾಂಕಿನ ಸಾಲದಲ್ಲಿ ಒಂದು ಡಾಲರೂ ಮನ್ನಾ ಆಗಲಿಲ್ಲ. ಅದು ಬಂದರು ಪ್ರಾಧಿಕಾರದ ಪುಸ್ತಕದಿಂದ ಖಜಾನೆಯ ಪುಸ್ತಕಕ್ಕೆ ಹೋಯಿತು ಅಷ್ಟೆ. 112 ಕೋಟಿ ಡಾಲರು ವಿದೇಶಿ ವಿನಿಮಯದ ನಿಧಿಯನ್ನು ತುಂಬಲು ಹೋಯಿತು. ಹಾಗಾಗಿ ಮನೆಯೂ ಕೈಯಲ್ಲಿಲ್ಲ, ಮನೆಯ ಸಾಲವೂ ಉಳಿದಿದೆ. ನಮ್ಮ ಭೋಗ್ಯದಲ್ಲಿ ಕರಾರು ಮುಗಿದಾಗ ಇಡುಗಂಟು ಹಿಂದೆ ಕೊಡಬೇಕು, ಇಲ್ಲಿ ಆ ಚಿಂತೆ ಇಲ್ಲ ಎನ್ನುವುದೊಂದೇ ಸಮಾಧಾನ.

ಸೊತ್ತನ್ನು ಪರರಿಗೆ ಒಪ್ಪಿಸಿ ಹಣ ಎತ್ತುವುದು ನಮಗೂ ಹೊಸದಲ್ಲ. 1880ರ ದಶಕದಲ್ಲಿ ಮೈಸೂರು ಸಂಸ್ಥಾನ ಬರದ ಹೊಡೆತದ ನಡುವೆ ತಾನೇ ಕಟ್ಟಿದ ರೈಲು ದಾರಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿತ್ತು, ಹರಿಹರದವರೆಗೆ ಹಳಿ ಮುಂದುವರಿಸಲು ಕಂಪನಿ ಲಂಡನ್ನಿನಲ್ಲಿ ಸಾಲ ಎತ್ತಿತು. ಆ ಹಳಿ ನಿಂತ ಊರುಗಳಲ್ಲಿ ಮಾವನ ಅರಸೀಕೆರೆಯೂ ಒಂದು.

ಚೀನಾದವರ ಚರಿತ್ರೆಯಲ್ಲಿ ಈ ಒಪ್ಪಂದದ ಪ್ರತಿಧ್ವನಿ ಇನ್ನೂ ಕಟುವಾಗಿದೆ. 99 ವರ್ಷ ಎಂಬ ಅಂಕಿಯನ್ನು ಚೀನಾದ ಶಾಲಾ ಮಕ್ಕಳೂ ಬಲ್ಲರು. 1898ರಲ್ಲಿ ಬ್ರಿಟನ್ ಹಾಂಕಾಂಗಿನ ಹೊಸ ಪ್ರದೇಶಗಳನ್ನು ಕ್ವಿಂಗ್ ಸಾಮ್ರಾಜ್ಯದಿಂದ ಗೇಣಿಗೆ ಬರೆಸಿಕೊಂಡದ್ದು ಅಷ್ಟೇ ವರ್ಷಕ್ಕೆ. ಇನ್ನು ಚೈನಾ ಮರ್ಚಂಟ್ಸ್ ಕಂಪನಿಯ ಮೂಲ 1872ರದ್ದು. ಕರಾವಳಿಯ, ನದಿಗಳ ಹಡಗು ವ್ಯಾಪಾರವೆಲ್ಲ ಬ್ರಿಟಿಷ್, ಅಮೆರಿಕನ್ ಕಂಪನಿಗಳ ಪಾಲಾಗುತ್ತಿದೆ ಎಂದು ಕಂಡು, ಅದನ್ನು ಮರಳಿ ಚೀನೀಯರ ಕೈಗೆ ತರಲು ಲಿ ಹಾಂಗ್‌ಝಾಂಗ್ ಎಂಬ ಮಂತ್ರಿ ಹುಟ್ಟಿಸಿದ ಸಂಸ್ಥೆ ಅದು. ಪರರ ಕೈಯಿಂದ ತನ್ನ ಬಂದರುಗಳನ್ನು ಬಿಡಿಸಿಕೊಳ್ಳಲು ಹುಟ್ಟಿದ್ದು 145 ವರ್ಷ ಕಳೆದು ಇನ್ನೊಬ್ಬರ ಬಂದರನ್ನು 99 ವರ್ಷಕ್ಕೆ ಹಿಡಿಯಿತು. ಹಂಬನ್‌ತೋಟದ ಜನ ಸುಮ್ಮನಿರಲಿಲ್ಲ. 2016ರ ಡಿಸೆಂಬರಿನಲ್ಲಿ ಬಂದರಿನ ಕಾರ್ಮಿಕರು ಹಡಗು ಬಿಡದೆ ಮುಷ್ಕರ ಹೂಡಿದರು, ನೌಕಾಪಡೆ ಬಂದು ಬಿಡಿಸಿತು. ಮರುತಿಂಗಳು ಭಿಕ್ಷುಗಳೂ ಹಳ್ಳಿಯವರೂ ಜಮೀನು ಹೋಗುತ್ತದೆಂದು ಬೀದಿಗಿಳಿದಾಗ ಪೊಲೀಸರು ಅಶ್ರುವಾಯು ಸಿಡಿಸಿದರು.

ಮುಂದಿನದು ಎಲ್ಲರೂ ಟಿವಿಯಲ್ಲಿ ನೋಡಿದ್ದು. 2019ರ ಈಸ್ಟರ್ ಬಾಂಬುಗಳು, ಆ ವರ್ಷದ ಕೊನೆಗೆ ಗೊಟಬಯ ರಾಜಪಕ್ಸ ಗೆದ್ದು ಕೊಟ್ಟ ದೊಡ್ಡ ತೆರಿಗೆ ಕಡಿತ, ಕೋವಿಡ್, 2021ರ ರಸಗೊಬ್ಬರ ನಿಷೇಧ. ಆದರೆ ನನಗೆ ಮರೆಯಲಾಗದ್ದು 2022ರ ಜನವರಿ. ಔಷಧಿ, ಹಾಲಿನಪುಡಿ, ಅಡುಗೆ ಅನಿಲಕ್ಕೆ ಡಾಲರಿಲ್ಲದ ತಿಂಗಳಲ್ಲಿ ಸರ್ಕಾರ ಇದ್ದಬದ್ದ ಡಾಲರಿನಿಂದ 50 ಕೋಟಿಯ ಬಾಂಡ್ ಒಂದನ್ನು ಚಾಚೂ ತಪ್ಪದೆ ತೀರಿಸಿತು. ಮಾರ್ಚಿನಲ್ಲಿ ಕಾಗದ ಇಲ್ಲವೆಂದು ಪಶ್ಚಿಮ ಪ್ರಾಂತದ ಶಾಲೆಗಳ ಪರೀಕ್ಷೆ ಮುಂದೆ ಹೋಯಿತು. ಏಪ್ರಿಲ್ 12ರಂದು ಶ್ರೀಲಂಕಾ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ವಿದೇಶಿ ಸಾಲದ ಕಂತು ಕಟ್ಟಲಾರೆ ಎಂದಿತು. ಸೆಪ್ಟೆಂಬರಿನ ಹೊತ್ತಿಗೆ ಬೆಲೆಯೇರಿಕೆ 70% ಮುಟ್ಟಿತು. ಬಡವರ ಪ್ರಮಾಣ ಒಂದೇ ವರ್ಷದಲ್ಲಿ 13%ರಿಂದ 25%ಕ್ಕೆ ಏರಿತೆಂದು ವಿಶ್ವಬ್ಯಾಂಕಿನ ಅಂದಾಜು.

ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರಿನಷ್ಟು ನೆರವಾಯಿತು. ಚೀನಾ ತಡಮಾಡಿತು. ಎಲ್ಲ ಸಾಲಿಗರ ಜೊತೆ ಒಂದೇ ಮೇಜಿಗೆ ಬರಲು ಒಪ್ಪದೆ ತನ್ನ ದಾರಿ ಹಿಡಿಯಿತು, ಎಕ್ಸಿಮ್ ಬ್ಯಾಂಕಿನೊಂದಿಗಿನ ಅಂತಿಮ ಒಪ್ಪಂದಕ್ಕೆ 2024ರ ಜೂನ್ ಬರಬೇಕಾಯಿತು. ಬಾಂಡಿನವರದು ಇನ್ನೂ ತಡ, ಆ ವರ್ಷದ ಡಿಸೆಂಬರ್. ಕೆರಿಬಿಯನ್ ದ್ವೀಪವೊಂದರ ಬ್ಯಾಂಕು ತನ್ನ ಬಾಂಡಿನ ಪೂರ್ತಿ ಹಣ ಬೇಕೆಂದು ನ್ಯೂಯಾರ್ಕಿನ ಕೋರ್ಟಿಗೇ ಹೋಯಿತು. ಬಡ್ಡಿ ವ್ಯಾಪಾರಿ ಫರ್ನಾಂಡೊ ಕೊಯ್ಲಿನ ಕಣಕ್ಕೆ ಬಂದು ನಿಲ್ಲುತ್ತಿದ್ದ, ಸಿಲಿಂದುವಿಗೆ ಅವನ ಮುಖವಾದರೂ ಕಾಣುತ್ತಿತ್ತು.

ಕೊನೆಗೆ ಕಟ್ಟಿದವರು ಯಾರು? ವಿದೇಶಿ ಸಾಲಿಗರು ಸ್ವಲ್ಪ ಬಿಟ್ಟರು. ಒಳಗಿನ ಸಾಲವನ್ನೂ ಸರಿಪಡಿಸಬೇಕಾಗಿ ಬಂದಾಗ, 2023ರಲ್ಲಿ, ಸರ್ಕಾರ ಬ್ಯಾಂಕುಗಳನ್ನು ಬದಿಗಿಟ್ಟು ಮುಟ್ಟಿದ್ದು ಮುಖ್ಯವಾಗಿ ಕಾರ್ಮಿಕರ ಭವಿಷ್ಯ ನಿಧಿಯನ್ನು. ಗಾರ್ಮೆಂಟ್ಸ್ ಹೊಲಿಯುವ ಹುಡುಗಿಯ, ಚಹಾತೋಟದ ಕೂಲಿಯ, ಬಂದರಿನ ಗುಮಾಸ್ತನ ಪಿಎಫ್ ಹಣವಿದ್ದ ಸರ್ಕಾರಿ ಬಾಂಡುಗಳು ಕಡಿಮೆ ಬಡ್ಡಿಯ, ಹೆಚ್ಚು ಅವಧಿಯ ಹೊಸ ಬಾಂಡುಗಳಾದವು. ಅದಾಗಲೇ ಬೆಲೆಯೇರಿಕೆ ಆ ಹಣದ ಬಲವನ್ನು ತಿಂದುಹಾಕಿತ್ತು. ಮಾವನಿಗೆ ಇದನ್ನು ಹೇಳಿದಾಗ ಮಾತ್ರ ಅವರ ಮುಖದ ನಗು ಹೋಯಿತು. ನಿವೃತ್ತಿಯಾದ ಮೇಲೆ ಅವರ ಮನೆ ನಡೆದದ್ದು ಅದೇ ಪಿಎಫ್ ಇಡುಗಂಟಿನಿಂದ.

ಕಳೆದ ಬಾರಿ ಊರಿಗೆ ಹೋದಾಗ ಅವರೇ ಹಂಬನ್‌ತೋಟದ ಮಾತು ತೆಗೆದರು. ಈಗ ಅಲ್ಲಿ ಕಾರು ಹಡಗುಗಳು ಚೆನ್ನಾಗಿ ಬರುತ್ತಿವೆಯಂತೆ, ಭಾರತದಲ್ಲಿ ತಯಾರಾದ ಕಾರುಗಳೂ ಅಲ್ಲಿ ಇಳಿದು ಬೇರೆ ಹಡಗು ಹತ್ತುತ್ತವಂತೆ ಎಂದು ಹಳೆಯ ಸಹೋದ್ಯೋಗಿ ಯಾರೋ ಹೇಳಿದ್ದರು. ಹೌದು ಎಂದೆ. ಚೈನಾ ಮರ್ಚಂಟ್ಸ್ ವಹಿಸಿಕೊಂಡ ಮೇಲೆ ವಾಹನಗಳ ವ್ಯವಹಾರ ಬೆಳೆದಿದೆ.

"ಹಾಗಾದರೆ ರೈಲು ನಿಲ್ಲಲು ಶುರುವಾಯಿತು," ಎಂದರು ಮಾವ. "ಟಿಕೇಟಿನ ದುಡ್ಡು ಯಾರಿಗೆ ಹೋಗುವುದು?"

ಬಂದರನ್ನು ನಡೆಸುವ ಮುಖ್ಯ ಕಂಪನಿಯಲ್ಲಿ 85% ಚೀನಾದವರದು, ಉಳಿದದ್ದು ಲಂಕಾದ ಬಂದರು ಪ್ರಾಧಿಕಾರದ್ದು, ಕಟ್ಟಿದ ಸಾಲದ ಕಂತು ಮಾತ್ರ ಕೊಲಂಬೊದ ಖಜಾನೆಯದು, ಕರಾರು ಮುಗಿಯುವುದು 2116ರಲ್ಲಿ ಎಂದು ಹೇಳಿದೆ. ಅವರು ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳ ಕಡೆ ನೋಡಿ, ಗುಮಾಸ್ತರ ಅಭ್ಯಾಸದಂತೆ ಬೆರಳು ಮಡಿಸಿ ಲೆಕ್ಕ ಹಾಕಿದರು.

"ಪುಟ್ಟಿಗೆ ಆಗ ತೊಂಬತ್ತೆಂಟು," ಎಂದರು.